ನಿಂತುಹೋದ ಬಿಡಿಭಾಗ, ನಿಲ್ಲದ ಆರ್ಡರು: ಹಳೆಯ ರೋಬೋಟನ್ನು ಎಬ್ಬಿಸಿದ್ದು

ಶಿರಸಿಯ ಕೈಗಾರಿಕಾ ವಸಾಹತಿನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರದ ಚೌಕಟ್ಟು, ತೋಟದ ಟ್ರಾಲಿ, ಗೇಟು, ಇಂಥವೇ ಕೆಲಸ. ಚೌಕಟ್ಟಿನ ವೆಲ್ಡಿಂಗಿಗೆ ಆರು ಅಕ್ಷದ (ಆರು ಕೀಲುಗಳಲ್ಲಿ ತಿರುಗುವ) ಒಂದು ಜಪಾನಿ ರೋಬೋಟ್ ಇಟ್ಟುಕೊಂಡಿದ್ದೇವೆ. ಪುಣೆ ಕಡೆಯ ಒಂದು ಕಾರ್ಖಾನೆ ತನ್ನ ಲೈನ್ ಬದಲಿಸಿದಾಗ ಹರಾಜಿನಲ್ಲಿ ಬಂದದ್ದು. ನಾಮಫಲಕದ ಮೇಲೆ 2003 ಅಂತಿದೆ. ಈ ಮಳೆಗಾಲದಲ್ಲಿ ಅದರ ಒಂದು ಸರ್ವೋ ಆಂಪ್ಲಿಫೈಯರ್, ಅಂದರೆ ಕೀಲಿನ ಮೋಟರಿಗೆ ಅಳೆದು ಕರೆಂಟು ಕೊಡುವ ಘಟಕ, ಸತ್ತಿತು. ಆ ಭಾಗ ತಯಾರಾಗುವುದು ನಿಂತು ಎಷ್ಟೋ ವರ್ಷವಾಗಿದೆ. ದೀಪಾವಳಿ ಕಳೆದ ಮೇಲೆ ಈಗ ಯಂತ್ರ ಮತ್ತೆ ಓಡುತ್ತಿದೆ. ನಡುವೆ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ, ಏಕೆಂದರೆ ನಾನು ಹುಡುಕುವಾಗ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಇಪ್ಪತ್ತು ವರ್ಷ ದುಡಿದ ಯಂತ್ರ ಕೆಟ್ಟಿತು ಅಂತ ಮಾಡಿದವರನ್ನು ದೂರುವುದು ನ್ಯಾಯವಲ್ಲ.

ಆಗಸ್ಟ್ ತಿಂಗಳಲ್ಲಿ ಗಾಳಿಗೆ ಮರ ಬೀಳುವುದು, ಕರೆಂಟು ಹೋಗುವುದು, ಬಂದು ಮತ್ತೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಅವತ್ತೂ ಹಾಗೇ ಆಯಿತು. ಕರೆಂಟು ಬಂದು ಸ್ಥಿರವಾದ ಮೇಲೆ ಕಂಟ್ರೋಲರ್ (ರೋಬೋಟನ್ನು ನಡೆಸುವ ಪೆಟ್ಟಿಗೆ) ಸರಿಯಾಗಿಯೇ ಎದ್ದಿತು, ಪ್ರೋಗ್ರಾಂಗಳು ಇದ್ದವು. ಆದರೆ ಸರ್ವೋ ಆನ್ ಮಾಡಿದ, ಅಂದರೆ ಮೋಟರ್‌ಗಳಿಗೆ ಪವರ್ ಕೊಟ್ಟ ಕೂಡಲೇ ಮೂರನೇ ಅಕ್ಷಕ್ಕೆ ಓವರ್‌ಕರೆಂಟ್ (ಮಿತಿ ಮೀರಿದ ಕರೆಂಟು) ಅಲಾರಂ. ರೀಸೆಟ್ ಒತ್ತಿದರೆ ಹೋಗುತ್ತದೆ, ಸರ್ವೋ ಆನ್ ಮಾಡಿದರೆ ಮತ್ತೆ ಅದೇ. "ಅಣ್ಣಾ, ಮೋಟರೇ ಸುಟ್ಟಿರಬೇಕು" ಅಂದ ನಮ್ಮ ಹುಡುಗ. ಇರಬಹುದಿತ್ತು. ಓವರ್‌ಕರೆಂಟ್ ಅಂದರೆ ಮೋಟರ್, ಕೇಬಲ್, ಆಂಪ್ಲಿಫೈಯರ್ ಮೂರರಲ್ಲಿ ಯಾವುದೂ ಆಗಬಹುದು. ಮೂರಕ್ಕೂ ಬೆಲೆ ಬೇರೆ, ಸಿಗುವ ಜಾಗ ಬೇರೆ. ಹೀಗಾಗಿ ಯಾರಿಗೂ ಫೋನ್ ಮಾಡುವ ಮೊದಲು ಯಾವುದು ಕೆಟ್ಟಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ನಾನು ನೋಡಿದಂತೆ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ನಾವು ಮಾಡಿದ್ದು ಇಷ್ಟು. ಮೇನ್ ಸ್ವಿಚ್ ತೆಗೆದು ಸುಮ್ಮನೆ ಕಾದೆವು. ಈ ಯಂತ್ರಗಳು ಸಾಮಾನ್ಯವಾಗಿ 200 ವೋಲ್ಟ್ ಮೂರು ಫೇಸಿನವು. ನಮ್ಮ 415 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸಿ ಕೊಡಬೇಕು. ಒಳಗೆ ಅದು ಡಿಸಿ ಆಗಿ ಸುಮಾರು 280 ವೋಲ್ಟ್ ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ, ಸ್ವಿಚ್ ತೆಗೆದ ಮೇಲೂ ಕೆಲವು ನಿಮಿಷ ಅಲ್ಲೇ ಇರುತ್ತದೆ. ಮೀಟರ್ ಹಿಡಿದು ಇಳಿದದ್ದು ನೋಡದೆ ಕೈ ಹಾಕಬೇಡಿ, ಜೀವ ಹೋಗುವ ವೋಲ್ಟೇಜು ಅದು. ಆಮೇಲೆ ಮೋಟರಿನ ಪವರ್ ಕೇಬಲನ್ನು ಕಂಟ್ರೋಲರ್ ಬದಿಯಲ್ಲಿ ಮಾತ್ರ ಬಿಚ್ಚಿ, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಾಕಿ ನೋಡಿದೆವು. ಇನ್ಸುಲೇಶನ್ ಚೆನ್ನಾಗಿತ್ತು, ಮೂರು ವೈಂಡಿಂಗ್‌ಗಳ ರೆಸಿಸ್ಟೆನ್ಸೂ ಒಂದೇ ಬಂತು. ಎನ್‌ಕೋಡರ್ (ಮೋಟರ್ ಎಷ್ಟು ತಿರುಗಿದೆ ಅಂತ ಅಳೆಯುವ ಭಾಗ) ಕೇಬಲನ್ನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಬಹಳಷ್ಟು ರೋಬೋಟ್‌ಗಳಲ್ಲಿ ಎನ್‌ಕೋಡರ್‌ನ ಬ್ಯಾಟರಿ ಲೈನೂ ಅದೇ ಕನೆಕ್ಟರಿನಲ್ಲಿ ಹೋಗುತ್ತದೆ. ಅದನ್ನು ಬಿಚ್ಚಿದರೆ ತೋಳು ಎಲ್ಲಿದೆ ಅನ್ನುವ ಲೆಕ್ಕವೇ ಅಳಿಸಿಹೋಗುತ್ತದೆ, ಒಂದು ತೊಂದರೆ ಇದ್ದಲ್ಲಿ ಎರಡಾಗುತ್ತದೆ.

ಕೊನೆಗೆ ಅದಲು ಬದಲು. ನಮ್ಮದರಲ್ಲಿ ಎರಡನೇ ಮತ್ತು ಮೂರನೇ ಅಕ್ಷಕ್ಕೆ ಒಂದೇ ಮಾದರಿಯ ಆಂಪ್ಲಿಫೈಯರ್. ಅವುಗಳ ಜಾಗ ಬದಲಿಸಿದಾಗ ಅಲಾರಂ ಎರಡನೇ ಅಕ್ಷಕ್ಕೆ ಹೋಯಿತು. ಅಲ್ಲಿಗೆ ಮೋಟರೂ ಕೇಬಲೂ ಸರಿ, ಕೆಟ್ಟದ್ದು ಆಂಪ್ಲಿಫೈಯರ್. ಬದಲಿಸುವಾಗ ಅದರ ಮೇಲಿನ ಸಣ್ಣ ಸ್ವಿಚ್‌ಗಳು ಯಾವ ಕಡೆ ಇವೆ ಅಂತ ಫೋಟೋ ತೆಗೆದಿಡಿ, ಅಕ್ಷದ ಸಂಖ್ಯೆ ಅಲ್ಲೇ ಇರುತ್ತದೆ.

ಅವತ್ತೇ ಇನ್ನೆರಡು ಕೆಲಸ ಮುಗಿಸಿದೆವು. ಒಂದು, ರೋಬೋಟಿನ ಬುಡದ ಬ್ಯಾಟರಿ ಡಬ್ಬಿಯಲ್ಲಿರುವ ದಪ್ಪ ಸೆಲ್‌ಗಳನ್ನು ಹೊಸದು ಮಾಡಿದ್ದು, ಅದೂ ಕಂಟ್ರೋಲರ್ ಆನ್ ಇರುವಾಗಲೇ. ಯಂತ್ರ ವಾರಗಟ್ಟಲೆ ಆಫ್ ಆಗಿ ನಿಲ್ಲುವಾಗ ಎನ್‌ಕೋಡರ್‌ನ ನೆನಪು ಉಳಿಯುವುದು ಆ ಸೆಲ್‌ಗಳ ಮೇಲೆ. ಎರಡು, ಪೂರ್ತಿ ಬ್ಯಾಕಪ್. ಆ ಕಾಲದ ಹಲವು ಕಂಟ್ರೋಲರ್‌ಗಳಿಗೆ ಪಿಸಿಎಂಸಿಐಎ ಕಾರ್ಡು (ಹಳೆಯ ಲ್ಯಾಪ್‌ಟಾಪಿಗೆ ಹಾಕುತ್ತಿದ್ದಂಥದ್ದು) ಬೇಕು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಅಡಾಪ್ಟರ್ ಸಿಗುತ್ತದೆ, ಆದರೆ ಕಾರ್ಡು 2 ಜಿಬಿ ಒಳಗಿನದಾಗಿ ಫ್ಯಾಟ್16ನಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅಂಗಡಿಯವನು ಪ್ರೀತಿಯಿಂದ ಕೊಡುವ 32 ಜಿಬಿ ಕಾರ್ಡನ್ನು ಇದು ತಿರುಗಿಯೂ ನೋಡುವುದಿಲ್ಲ.

ಇನ್ನು ಹುಡುಕಾಟ. ಮೊದಲ ಫೋನ್ ಕಂಪನಿಯ ಸರ್ವಿಸ್ ಕಚೇರಿಗೆ. ಸೌಜನ್ಯದಿಂದಲೇ ಮಾತಾಡಿದರು: ಹೊಸದು ಇಲ್ಲ, ಹಳೆಯದನ್ನು ಕೊಟ್ಟು ರಿಪೇರಿಯಾದದ್ದನ್ನು ಒಯ್ಯುವ ಪದ್ಧತಿಯಲ್ಲೂ ಸದ್ಯ ಸ್ಟಾಕ್ ಇಲ್ಲ, ಬೇಕಾದರೆ ಹೊಸ ರೋಬೋಟಿನ ಕೊಟೇಶನ್ ಕೊಡುತ್ತೇವೆ. ಕೊಟೇಶನ್ ಬಂತು. ನೋಡಿ ಮುಚ್ಚಿಟ್ಟೆ. ನಮ್ಮಂಥ ವರ್ಕ್‌ಶಾಪಿನ ಲೆಕ್ಕಕ್ಕೆ ಬರುವ ಮೊತ್ತವಲ್ಲ ಅದು.

ಭಾಗಗಳು ಯಾಕೆ ನಿಲ್ಲುತ್ತವೆ ಅಂತ ಆಗ ತಿಳಿದುಕೊಂಡೆ. ರೋಬೋಟ್ ಕಂಪನಿ ಬೋರ್ಡು ಮಾಡಬೇಕೆಂದರೂ ಅದರ ಮೇಲಿನ ಚಿಪ್ಪು, ಪವರ್ ಮಾಡ್ಯೂಲು, ಪೆಂಡೆಂಟಿನ (ರೋಬೋಟಿಗೆ ಕಲಿಸಲು ಕೈಯಲ್ಲಿ ಹಿಡಿಯುವ ಫಲಕದ) ಪರದೆ ಎಲ್ಲ ಬೇರೆಯವರು ಮಾಡುವಂಥವು. ಅವರು ನಿಲ್ಲಿಸುವ ಮುಂಚೆ ಕೊನೆಯ ಖರೀದಿಗೆ ಅವಕಾಶ ಕೊಡುತ್ತಾರೆ, ಆ ದಾಸ್ತಾನು ಮುಗಿದರೆ ಮುಗಿಯಿತು. ಕಂಪನಿಗಳ ನೀತಿಯೂ ಬೇರೆ ಬೇರೆ. ಎಬಿಬಿ ತನ್ನ ರೋಬೋಟ್‌ಗಳ ಆಯುಸ್ಸನ್ನು ಆಕ್ಟಿವ್, ಕ್ಲಾಸಿಕ್, ಲಿಮಿಟೆಡ್, ಆಬ್ಸಲೀಟ್ (ಕಾಲ ಮುಗಿದದ್ದು) ಅಂತ ನಾಲ್ಕು ಹಂತ ಮಾಡಿದೆ. ಫ್ಯಾನುಕ್, ಗ್ರಾಹಕ ಬಳಸುವಷ್ಟು ಕಾಲ ಸರ್ವಿಸ್ ಕೊಡುತ್ತೇವೆ ಅನ್ನುತ್ತದೆ. ಕೂಕಾದ ಕೆಆರ್‌ಸಿ2 ಕಂಟ್ರೋಲರಿನ ಒಳಗಿರುವುದು ವಿಂಡೋಸ್ ಓಡುವ ಪಿಸಿ, ಹಾಗಾಗಿ ಅದರ ಹಾರ್ಡ್ ಡಿಸ್ಕಿನ ನಕಲು ತೆಗೆದಿಡುವುದೇ ಅಲ್ಲಿ ದೊಡ್ಡ ಕೆಲಸ. ಸೆಕೆಂಡ್ ಹ್ಯಾಂಡ್ ರೋಬೋಟ್ ಕೊಳ್ಳುವವರು ಮೊದಲೇ ಆ ಮಾದರಿ ಯಾವ ಹಂತದಲ್ಲಿದೆ ಅಂತ ಕೇಳಿಕೊಳ್ಳಿ.

ಎರಡನೇ ದಾರಿ ಬೆಂಗಳೂರಿನ ಪೀಣ್ಯ. ಅಲ್ಲಿ ಸಿಎನ್‌ಸಿ ಡ್ರೈವ್ (ಕಂಪ್ಯೂಟರ್ ನಡೆಸುವ ಯಂತ್ರಗಳ ಆಂಪ್ಲಿಫೈಯರ್) ರಿಪೇರಿ ಮಾಡುವ ಸಣ್ಣ ಸಣ್ಣ ಅಂಗಡಿಗಳಿವೆ. ಒಬ್ಬರು ಫೋಟೋ ನೋಡಿ "ಕಳಿಸಿ ಸರ್, ತೆಗೆದು ನೋಡದೆ ಏನೂ ಹೇಳೋಕಾಗಲ್ಲ" ಅಂದರು. ಆ ಮಾತೇ ನನಗೆ ನಂಬಿಕೆ ಕೊಟ್ಟಿತು. ನೋಡದೆಯೇ ರೇಟು ಹೇಳಿದವರನ್ನು ಬಿಟ್ಟೆ. ಆಂಪ್ಲಿಫೈಯರನ್ನು ಕಟ್ಟಿದ್ದು ಹೀಗೆ: ಆ್ಯಂಟಿಸ್ಟ್ಯಾಟಿಕ್ ಚೀಲ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಹೊರಗೆ ಫೋಮು, ಮೇಲೆ ಪ್ಲೈವುಡ್ ಪೆಟ್ಟಿಗೆ. ಥರ್ಮೊಕೋಲ್ ನೇರವಾಗಿ ಬೋರ್ಡಿಗೆ ತಾಗಬಾರದು, ಸ್ಟ್ಯಾಟಿಕ್ ಹುಟ್ಟಿಸುತ್ತದೆ. ಜೊತೆಗೆ "ದುರಸ್ತಿಗೆ ಮಾತ್ರ, ಮಾರಾಟಕ್ಕಲ್ಲ" ಅಂತ ಬರೆದ ಡೆಲಿವರಿ ಚಲನ್. ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ ಬೇಕು. ಪೆಟ್ಟಿಗೆ ರಾತ್ರಿ ಬಸ್ಸಿಗೆ ಹೋಯಿತು.

ಪೀಣ್ಯದಿಂದ ಬಂದ ಸುದ್ದಿ ಅರ್ಧ ಸಿಹಿ. ಐಜಿಬಿಟಿ (ಮೋಟರಿನ ಕರೆಂಟನ್ನು ಹಾಕಿ ತೆಗೆಯುವ ಪವರ್ ಟ್ರಾನ್ಸಿಸ್ಟರ್) ಮಾಡ್ಯೂಲ್ ಶಾರ್ಟ್ ಆಗಿದೆ, ಅದನ್ನು ನಡೆಸುವ ಭಾಗವೂ ಹೋಗಿದೆ, ಕೆಪಾಸಿಟರ್‌ಗಳು ಉಬ್ಬಿವೆ. ರಿಪೇರಿ ಆಗುತ್ತದೆ, ಆದರೆ ಆ ಐಜಿಬಿಟಿಯೇ ಈಗ ತಯಾರಾಗುವುದಿಲ್ಲ. ಬೇರೆ ಸತ್ತ ಡ್ರೈವಿನಿಂದ ತೆಗೆದದ್ದು ಸಿಕ್ಕರೆ ಹಾಕುತ್ತೇವೆ, ಯಾವಾಗ ಸಿಗುತ್ತದೋ ಗೊತ್ತಿಲ್ಲ. ಕೆಪಾಸಿಟರ್ ವಿಷಯಕ್ಕೆ ಅವರೇ ಹೇಳಿದ ಒಂದು ಲೆಕ್ಕ ನೆನಪಿಡುವಂಥದ್ದು: ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರುವ ಜಾಗದ ಬಿಸಿ 10 ಡಿಗ್ರಿ ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಂದರೆ ಕಂಟ್ರೋಲರಿನ ಫ್ಯಾನು, ಫಿಲ್ಟರು ಚೊಕ್ಕಟವಾಗಿಟ್ಟರೆ ಅದೇ ದೊಡ್ಡ ಉಳಿತಾಯ.

ಈ ಹೊತ್ತಿಗೆ ಸೆಪ್ಟೆಂಬರ್. ವರ್ಕ್‌ಶಾಪಿನಲ್ಲಿ ಕೈ ವೆಲ್ಡಿಂಗ್ ಶುರುವಾಗಿತ್ತು. ನಮ್ಮ ವೆಲ್ಡರ್‌ಗಳು ಒಳ್ಳೆಯವರೇ. ಆದರೆ ಸುಲಿಯುವ ಯಂತ್ರದ ಚೌಕಟ್ಟು ಸ್ವಲ್ಪ ಸೊಟ್ಟಗಾದರೂ ಬ್ಲೇಡಿನ ಅಂತರ ತಪ್ಪುತ್ತದೆ, ಅಡಿಕೆಗೆ ಗಾಯವಾಗುತ್ತದೆ. ಹಸಿ ಅಡಿಕೆ ಕೊಯ್ದ ಮೇಲೆ ಸುಲಿಯುವುದನ್ನು ಮುಂದೂಡಲು ಬರುವುದಿಲ್ಲ, ಸುಲಿಯುವ ಆಳೂ ಸಿಗುವುದಿಲ್ಲ. ಮುಂಗಡ ಕೊಟ್ಟವರ ಫೋನು ಸಿದ್ದಾಪುರದಿಂದ, ಯಲ್ಲಾಪುರದಿಂದ. "ತಮಾ, ಯಂತ್ರ ಯಾವಾಗ ಕೊಡ್ತೆ? ಕೊನೆಕೊಯ್ಲು ಬಂತು ಅಲ್ದಾ." ಕೊನೆಕೊಯ್ಲು ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ರಾತ್ರಿ ಮಲಗಿದರೆ ಆ ಅಲಾರಂ ಸಂಖ್ಯೆಯೇ ಕಣ್ಣೆದುರು. ಬ್ಯಾಂಕಿನ ಕಂತು, ಮುಂಗಡದ ಹಣ, ಎಲ್ಲವೂ ಒಂದು ಕೈಯಗಲದ ಬೋರ್ಡಿಗೆ ಸಿಕ್ಕಿಕೊಂಡಿತ್ತು. ಅಪ್ಪ ಮಾತ್ರ "ಮುಂಚೆ ಎಲ್ಲಾ ಕೈಯಲ್ಲೇ ಮಾಡ್ತಿದ್ವಲ್ಲೋ" ಅಂದು ಕವಳ (ಎಲೆ ಅಡಿಕೆ) ಹಾಕುತ್ತ ಕೂತಿದ್ದರು.

ಪುಣೆಯ ಭೋಸರಿ ಕಡೆಯ ಹಳೆ ಯಂತ್ರದ ವ್ಯಾಪಾರಿಗಳಿಗೂ ಕೇಳಿದೆ. "ಸೇಮ್ ಟು ಸೇಮ್ ಇದೆ" ಅನ್ನುತ್ತಾರೆ. ಇಲ್ಲೇ ಎಚ್ಚರ ಬೇಕು. ಲೇಬಲ್ಲಿನ ಸಂಖ್ಯೆಯ ಮೊದಲ ಭಾಗ ಒಂದೇ ಇದ್ದು, ಅಡ್ಡಗೆರೆಯ ನಂತರದ ಕೊನೆಯ ಅಂಕಿಗಳು ಬೇರೆ ಇದ್ದರೆ ಅದು ಬೇರೆಯೇ ಸಾಮರ್ಥ್ಯದ ಭಾಗ ಆಗಿರಬಹುದು. ನೋಡಲು ಒಂದೇ ಡಬ್ಬಿ, ಒಂದೇ ಕನೆಕ್ಟರ್. ಕೆಲವು ಬೋರ್ಡುಗಳಲ್ಲಿ ಸಂಖ್ಯೆಯೂ ಪೂರ್ತಿ ಒಂದೇ ಇದ್ದು, ಒಳಗಿನ ಸಾಫ್ಟ್‌ವೇರ್ ಆವೃತ್ತಿ ಬೇರೆ ಇದ್ದು ಕಂಟ್ರೋಲರ್ ಒಪ್ಪುವುದಿಲ್ಲ. ನಾನು ಪ್ರತಿಯೊಬ್ಬರಿಗೂ ಕೇಳಿದ್ದು: ಲೇಬಲ್ಲಿನ ಹತ್ತಿರದ ಫೋಟೋ, ಸೀರಿಯಲ್ ನಂಬರು, ಪಕ್ಕದಲ್ಲಿ ಇವತ್ತಿನ ದಿನಾಂಕ ಬರೆದ ಚೀಟಿ. ಎಷ್ಟೋ ಜನ ಅಲ್ಲಿಗೇ ಮಾತು ನಿಲ್ಲಿಸಿದರು. ಅವರ ಹತ್ತಿರ ವಸ್ತುವೇ ಇರಲಿಲ್ಲ, ಇನ್ಯಾರದೋ ಫೋಟೋ ಇಟ್ಟುಕೊಂಡು ನನ್ನ ಆರ್ಡರ್ ಬಂದ ಮೇಲೆ ಹುಡುಕುವ ಯೋಚನೆ.

ಕೊನೆಗೆ ಚೀಟಿ ಇಟ್ಟು ಫೋಟೋ ಕಳಿಸಿದ್ದು ಜರ್ಮನಿಯ ಒಬ್ಬ ಮಾರಾಟಗಾರ. ರಿಪೇರಿ ಮಾಡಿ, ಮೋಟರಿಗೆ ಲೋಡ್ ಹಾಕಿ ಓಡಿಸಿದ ವೀಡಿಯೋ, ಒಂದು ವರ್ಷದ ಗ್ಯಾರಂಟಿ. ನಮ್ಮ ಹಣದಲ್ಲಿ ಸುಮಾರು 75,000. ಸಾಗಣೆ ಬೇರೆ 9,000. ಯೋಚಿಸಿ ಎರಡೂ ಮಾಡೋಣ ಅಂತ ತೀರ್ಮಾನಿಸಿದೆ: ಜರ್ಮನಿಯದು ಈಗಿನ ತುರ್ತಿಗೆ, ಪೀಣ್ಯದ್ದು ಯಾವಾಗ ಆದರೂ ಆಗಲಿ, ಶೆಲ್ಫಿಗೆ.

ವಿದೇಶದಿಂದ ವ್ಯಾಪಾರದ ಹೆಸರಿನಲ್ಲಿ ಸಾಮಾನು ತರಿಸಲು ಆಮದು-ರಫ್ತು ಕೋಡ್ ಬೇಕು, ಎಲ್ಲರೂ ಐಇಸಿ ಅನ್ನುತ್ತಾರೆ. ಹೆದರಬೇಕಾಗಿಲ್ಲ. ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲೇ ಅರ್ಜಿ, 500 ರೂಪಾಯಿ ಶುಲ್ಕ, ರದ್ದು ಮಾಡಿದ ಚೆಕ್ಕಿನ ಪ್ರತಿ, ಆಧಾರ್ ಮೂಲಕ ಸಹಿ. ಈಗ ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಜಾಲತಾಣದಲ್ಲಿ ದೃಢಪಡಿಸುತ್ತಿರಬೇಕು. ಏನೂ ಬದಲಾಗದಿದ್ದರೂ ಮಾಡಬೇಕು, ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ. ಐಇಸಿ ಬೇಗ ಬಂತು. ತಡವಾದದ್ದು ಹಣ ಕಳಿಸುವುದು. ನಮ್ಮ ಬ್ಯಾಂಕ್ ಶಾಖೆಯಲ್ಲಿ ವಿದೇಶಿ ವಿನಿಮಯದ ಕೆಲಸ ಮಾಡುವುದಿಲ್ಲ, ಕಾಗದ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿಂದ ಒಂದೊಂದೇ ಪ್ರಶ್ನೆ ಬರುತ್ತದೆ. ಸಾಮಾನು ಬಂದ ಮೇಲೆ ಬಿಲ್ ಆಫ್ ಎಂಟ್ರಿಯ (ಆಮದಿನ ಕಸ್ಟಮ್ಸ್ ದಾಖಲೆಯ) ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು ಆ ಹಣದ ಲೆಕ್ಕ ಮುಗಿಸುವುದನ್ನೂ ಮರೆಯಬೇಡಿ, ಇಲ್ಲವಾದರೆ ಮುಂದಿನ ಬಾರಿ ಹಣ ಕಳಿಸುವಾಗ ಹಳೆಯದು ಬಾಕಿ ಅಂತ ತೋರಿಸುತ್ತದೆ.

ಪೆಟ್ಟಿಗೆ ಬೆಂಗಳೂರಿಗೆ ಬಂದಿಳಿದದ್ದು ಟ್ರ್ಯಾಕಿಂಗ್‌ನಲ್ಲಿ ಕಂಡಾಗ ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಮರುದಿನ ಕಸ್ಟಮ್ಸ್‌ನಿಂದ ಪ್ರಶ್ನೆ: ಇದು ಹಳೆಯದೋ ಹೊಸದೋ, ಪ್ರಮಾಣಪತ್ರ ಎಲ್ಲಿ?

ಇದು ನನಗೆ ಗೊತ್ತೇ ಇಲ್ಲದ ವಿಷಯ. ನಮ್ಮ ವಿದೇಶ ವ್ಯಾಪಾರ ನೀತಿಯ ಪ್ರಕಾರ ರಿಪೇರಿ ಮಾಡಿ ಸಜ್ಜುಗೊಳಿಸಿದ ಬಿಡಿಭಾಗ ತರಿಸಲು ಲೈಸೆನ್ಸ್ ಬೇಡ. ಆದರೆ ಹೊಸದರ ಆಯುಸ್ಸಿನಲ್ಲಿ ಕನಿಷ್ಠ ಶೇ 80 ಇದರಲ್ಲಿ ಉಳಿದಿದೆ ಅಂತ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಕೊಡಬೇಕು. 2003ರ ಕಾಲದ ಆಂಪ್ಲಿಫೈಯರ್‌ಗೆ ಶೇ 80 ಆಯುಸ್ಸು! ನನಗೆ ಕೈಕಾಲು ತಣ್ಣಗಾಯಿತು. ಕ್ಲಿಯರಿಂಗ್ ಏಜೆಂಟ್ ಸಮಾಧಾನ ಹೇಳಿದರು. ಎಂಜಿನಿಯರ್ ನೋಡುವುದು ತಯಾರಾದ ವರ್ಷ ಒಂದನ್ನೇ ಅಲ್ಲ, ಏನೇನು ಬದಲಿಸಿದ್ದಾರೆ, ಪರೀಕ್ಷೆಯಲ್ಲಿ ಏನು ಬಂದಿದೆ ಅನ್ನುವುದನ್ನೂ. ಜರ್ಮನಿಯವನಿಗೆ ರಾತ್ರಿಯೇ ಮೇಲ್ ಹಾಕಿದೆ. ಬೇರೆ ಐಜಿಬಿಟಿ, ಹೊಸ ಕೆಪಾಸಿಟರ್, ಹೊಸ ಫ್ಯಾನ್ ಹಾಕಿದ ಪಟ್ಟಿ ಮತ್ತು ಪರೀಕ್ಷಾ ವರದಿ ಸೀರಿಯಲ್ ನಂಬರಿನ ಸಮೇತ ಬಂತು. ಅದನ್ನಿಟ್ಟುಕೊಂಡು ಬೆಂಗಳೂರಿನಲ್ಲೇ ತಪಾಸಣೆ ಆಯಿತು, ಪ್ರಮಾಣಪತ್ರವೂ ಸಿಕ್ಕಿತು. ಎಂಜಿನಿಯರ್ ಶುಲ್ಕ ಸುಮಾರು 6,000, ಏಜೆಂಟಿಗೆ 5,000, ಗೋದಾಮಿನಲ್ಲಿ ಕೂತದ್ದಕ್ಕೆ ಬಾಡಿಗೆ 3,000. ಈ ವರದಿಯನ್ನು ಸಾಮಾನು ಹೊರಡುವ ಮೊದಲೇ ತರಿಸಿ, ಇನ್‌ವಾಯ್ಸ್‌ನಲ್ಲಿ ಸೀರಿಯಲ್ ನಂಬರು, ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕಿನ ವರ್ಗ ಹೇಳುವ ಸಂಖ್ಯೆ), ರಿಪೇರಿಯಾದ ವಿವರ ಬರೆಸಿದರೆ ಆ ಬಾಡಿಗೆಯಾದರೂ ಉಳಿಯುತ್ತದೆ. ಮೇನ್ ಬೋರ್ಡು ತರಿಸುವವರಿಗೆ ಇನ್ನೊಂದು ಮಾತು: ಅದರ ಮೇಲೆ ಲಿಥಿಯಂ ಬ್ಯಾಟರಿ ಇರುತ್ತದೆ, ವಿಮಾನದಲ್ಲಿ ಅದಕ್ಕೆ ಬೇರೆ ನಿಯಮ. ತೆಗೆದು ಕಳಿಸಲು ಹೇಳಿ, ಬ್ಯಾಟರಿ ಇಲ್ಲೇ ಸಿಗುತ್ತದೆ.

ಸುಂಕ, ತೆರಿಗೆ ಎಲ್ಲ ಸೇರಿ 23,000 ಆಯಿತು. ಅದರಲ್ಲಿ ದೊಡ್ಡ ಪಾಲು ಶೇ 18ರ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇದ್ದರೆ ಆ ಪಾಲು ಇನ್‌ಪುಟ್ ಕ್ರೆಡಿಟ್ ಆಗಿ (ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದು) ವಾಪಸ್ ಬರುತ್ತದೆ, ಕೊರಿಯರಿನವರು ಕೆವೈಸಿ ಕೇಳುವಾಗಲೇ ಕೊಟ್ಟುಬಿಡಿ.

ಕಾಯುವ ದಿನಗಳಲ್ಲಿ ಕೈ ಕಟ್ಟಿ ಕೂರಲಿಲ್ಲ. ಟೀಚ್ ಪೆಂಡೆಂಟಿನ ಹಿಂದಿನ ಹಿಡಿಕೆ ಸ್ವಿಚ್ ಬಹಳ ದಿನದಿಂದ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಅದು ಮೂರು ಸ್ಥಿತಿಯ ಸ್ವಿಚ್: ಹದವಾಗಿ ಒತ್ತಿದರೆ ಮಾತ್ರ ರೋಬೋಟ್ ಅಲುಗಬೇಕು, ಬಿಟ್ಟರೂ ನಿಲ್ಲಬೇಕು, ಗಾಬರಿಯಲ್ಲಿ ಗಟ್ಟಿಯಾಗಿ ಹಿಚುಕಿದರೂ ನಿಲ್ಲಬೇಕು. ಸುರಕ್ಷತೆಯ ವಸ್ತು, ತಂತಿ ಸುತ್ತಿ ಸರಿ ಮಾಡುವಂಥದ್ದಲ್ಲ. ಪೂರ್ತಿ ಪೆಂಡೆಂಟ್ ಕೇಳಿದರೆ ಲಕ್ಷದ ಮಾತು. ಬಿಚ್ಚಿ ನೋಡಿದರೆ ಒಳಗಿರುವ ಸ್ವಿಚ್ ಮಾಮೂಲಿ ಕ್ಯಾಟಲಾಗಿನದು, ಮೇಲೆ ತಯಾರಕರ ಹೆಸರೂ ಮಾದರಿಯೂ ಅಚ್ಚಾಗಿದೆ, ಇವತ್ತಿಗೂ ತಯಾರಾಗುತ್ತಿದೆ. ಆಮೇಲೆ ಕಂಟ್ರೋಲರ್ ಪೂರ್ತಿ ಹಾಗೆಯೇ ನೋಡುತ್ತಾ ಹೋದೆವು. 24 ವೋಲ್ಟಿನ ಫ್ಯಾನು, ರಿಲೇ, ಫ್ಯೂಸು, ಕೈಯ ಟೈಮಿಂಗ್ ಬೆಲ್ಟು, ಆಯಿಲ್ ಸೀಲು, ಬೇರಿಂಗು, ಎಲ್ಲದರ ಮೇಲೂ ಅದರದ್ದೇ ಸಂಖ್ಯೆ ಇದೆ. ಬೇರಿಂಗ್ ಹುಬ್ಬಳ್ಳಿಯಲ್ಲೇ ಸಿಕ್ಕಿತು, ಫ್ಯೂಸು ಮತ್ತು ರಿಲೇ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ. ರೋಬೋಟ್ ಕಂಪನಿಯ ಪಟ್ಟಿಯಲ್ಲಿ "ನಿಂತಿದೆ" ಅಂತ ಇರುವ ಎಷ್ಟೋ ವಸ್ತುಗಳು ಅಂಗಡಿಯಲ್ಲಿ ಬೇರೆ ಸಂಖ್ಯೆಯಲ್ಲಿ ಕೂತಿರುತ್ತವೆ. ನಿಜವಾಗಿ ಸಿಗದ್ದು ಅಂದರೆ ಆಂಪ್ಲಿಫೈಯರ್, ಮೇನ್ ಬೋರ್ಡು, ಎನ್‌ಕೋಡರ್, ಮತ್ತು ಕೀಲಿನ ರಿಡ್ಯೂಸರ್ (ಮೋಟರಿನ ವೇಗ ಇಳಿಸುವ ಗೇರು).

ಆಂಪ್ಲಿಫೈಯರ್ ಶಿರಸಿಗೆ ಬಂತು. ಲೇಬಲ್ ಹೋಲಿಸಿ, ಸಣ್ಣ ಸ್ವಿಚ್‌ಗಳನ್ನು ಹಳೆಯ ಫೋಟೋದಂತೆ ಇಟ್ಟು, ಬಿಗಿ ಮಾಡಿ, ಎಲ್ಲರನ್ನೂ ಬೇಲಿಯಿಂದ ಹೊರಗೆ ನಿಲ್ಲಿಸಿ ಸರ್ವೋ ಆನ್ ಮಾಡಿದೆ. ಬ್ರೇಕ್ ಬಿಟ್ಟ ಟಕ್ ಶಬ್ದ, ಅಲಾರಂ ಇಲ್ಲ. ಹುಡುಗರು ಚಪ್ಪಾಳೆ ಹೊಡೆದರು. ನಾನು ಇನ್ನೂ ಹೊಡೆಯಲಿಲ್ಲ. ಒಂದೊಂದೇ ಅಕ್ಷವನ್ನು ನಿಧಾನ ವೇಗದಲ್ಲಿ ಸೊನ್ನೆಗೆ ತಂದು, ಕೀಲುಗಳ ಮೇಲಿನ ಗುರುತು ಗೆರೆಗಳು ಕೂಡುತ್ತವಾ ಅಂತ ನೋಡಬೇಕು. ಕೂಡಿದವು. ಹೊಸ ಸೆಲ್ ಹಾಕಿದ್ದು ಸಾರ್ಥಕವಾಯಿತು, ಮಾಸ್ಟರಿಂಗ್, ಅಂದರೆ ಕೀಲುಗಳ ಸೊನ್ನೆ ಸ್ಥಾನ ಕೂರಿಸುವುದನ್ನು ಮತ್ತೆ ಮಾಡುವ ಕಷ್ಟ ತಪ್ಪಿತು. ಹಳೆಯ ಪ್ರೋಗ್ರಾಂ ಹಾಕಿ ಆರ್ಕ್ ಇಲ್ಲದೆ ಓಡಿಸಿ, ಆಮೇಲೆ ಗುಜರಿ ತುಂಡಿನ ಮೇಲೆ ವೆಲ್ಡ್ ಮಾಡಿಸಿ, ಆಮೇಲೇ ಚೌಕಟ್ಟು ಏರಿಸಿದೆವು. ಮುಂಗಡ ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ಬೇರೆ ಕಡೆಯಿಂದ ಯಂತ್ರ ತಂದಿದ್ದರು. ಅವರ ಹಣ ವಾಪಸ್ ಮಾಡಿದೆ. ಉಳಿದವರಿಗೆ ಕೊನೆಕೊಯ್ಲು ಜೋರಾಗುವ ಮುಂಚೆ ತಲುಪಿಸುತ್ತಿದ್ದೇವೆ.

ಪೀಣ್ಯದ್ದೂ ಮೊನ್ನೆ ಬಂತು. ರಿಪೇರಿಗೆ 38,000, ಮೇಲೆ ಜಿಎಸ್‌ಟಿ. ಎಲ್ಲ ಕೂಡಿಸಿದರೆ ಒಂದೂವರೆ ಲಕ್ಷ ದಾಟಿದೆ, ಕ್ರೆಡಿಟ್ ಕಳೆದರೆ ಸ್ವಲ್ಪ ಇಳಿಯುತ್ತದೆ. ಪೀಣ್ಯದ ಆಂಪ್ಲಿಫೈಯರನ್ನು ಶೆಲ್ಫಿನಲ್ಲಿ ಇಟ್ಟು ಮರೆಯುವ ಹಾಗಿಲ್ಲ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೊಳಗೇ ಸೊರಗುತ್ತದೆ, ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಹಾರಿಹೋಗಬಹುದು. ಅದಕ್ಕೆ ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮೊದಲು, ಶೆಲ್ಫಿನದನ್ನು ಯಂತ್ರಕ್ಕೆ ಹಾಕಿ ಯಂತ್ರದ್ದನ್ನು ಶೆಲ್ಫಿಗೆ ತರುವುದು ಅಂತ ನಮ್ಮ ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಮೇಲೆ ಬರೆದಿದ್ದಾನೆ.

ಈ ನಡುವೆ ಭೋಸರಿಯ ಒಬ್ಬ ವ್ಯಾಪಾರಿ ಮತ್ತೆ ಫೋನ್ ಮಾಡಿದ. ಅದೇ ಮಾದರಿಯ ಇಡೀ ರೋಬೋಟ್, ಕಂಟ್ರೋಲರ್ ಸಮೇತ, ಓಡುತ್ತಿಲ್ಲ, ಗುಜರಿ ರೇಟಿಗಿಂತ ಸ್ವಲ್ಪ ಮೇಲೆ. ಎರಡು ಬೋರ್ಡಿನ ಬೆಲೆಗಿಂತ ಕಡಿಮೆ ಹೇಳುತ್ತಿದ್ದಾನೆ. ಲೇಬಲ್ ಫೋಟೋ, ದಿನಾಂಕದ ಚೀಟಿ ಕೇಳಿದ್ದೇನೆ. ಈ ಸಲ ಆತ ಕಳಿಸಿದ್ದಾನೆ, ಅಡ್ಡಗೆರೆಯ ನಂತರದ ಅಂಕಿಗಳೂ ಕೂಡುತ್ತವೆ. ಅದನ್ನು ಎಲ್ಲಿ ಇಡುತ್ತೀ ಅಂತ ಅಪ್ಪ ಕೇಳುತ್ತಿದ್ದಾರೆ.